ಬುಟ್ಟಿ ಕೊಳ್ಳುವ ಮುನ್ನ

ಕೋಲಾರದಿಂದ ಕ್ಯಾಲನೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಾಚೆ ಟೊಮೆಟೊ ತೋಟಗಳು, ಹಿಪ್ಪುನೇರಳೆ ಸಾಲುಗಳು. ಒಂದು ಕಾಲಕ್ಕೆ ಎರಡು ಬೆಳೆಗೂ ಬಿದಿರೇ ಆಸರೆ: ಟೊಮೆಟೊ ಹೊರಲು ಬುಟ್ಟಿ, ರೇಷ್ಮೆಹುಳು ಗೂಡು ಕಟ್ಟಲು ಚಂದ್ರಿಕೆ. ಈಗ ಟೊಮೆಟೊ ಮಾರುಕಟ್ಟೆಗೆ ಹೋಗುವುದು ಪ್ಲಾಸ್ಟಿಕ್ ಕ್ರೇಟುಗಳಲ್ಲಿ.

ಆದರೂ ಮೊನ್ನೆ ಊರ ರಸ್ತೆಬದಿಯ ಮರದಡಿ ವಯಸ್ಸಾದ ತಾಯಿಯೊಬ್ಬರು ಬುಟ್ಟಿ ಹೆಣೆಯುತ್ತ ಕುಳಿತಿದ್ದರು. ಹಿಂದಿನ ವರ್ಷ ಪೇಟೆಯಲ್ಲಿ ಬಣ್ಣಕ್ಕೆ ಮರುಳಾಗಿ ನಾನು ತಂದಿದ್ದ ಬುಟ್ಟಿ ನಾಲ್ಕೇ ತಿಂಗಳಲ್ಲಿ ಹಿಟ್ಟು ಉದುರಿಸಿ ತಳ ಕಳಚಿಕೊಂಡಿತ್ತು. 'ಮಕ್ಕಳಿಗೆ ವಿಜ್ಞಾನ ಹೇಳ್ತೀರಿ, ಬುಟ್ಟಿ ಆರಿಸೋಕೆ ಬರಲ್ವೆ?' ಎಂದು ಮನೆಯಾಕೆ ನಕ್ಕಿದ್ದಳು.

ಈ ಸಲ ಹಸಿರಾಗಿ ಹೊಳೆಯುತ್ತಿದ್ದ ಬುಟ್ಟಿಗೆ ಕೈಹಾಕಿದೆ.

'ಅದು ಬೇಡ ಸ್ವಾಮಿ, ನಿನ್ನೆ ಹೆಣೆದಿದ್ದು. ಒಣಗಿದ್ ಮೇಲೆ ಎಷ್ಟು ಸಂದು ಬಿಡ್ತದೋ. ಒಣಗಿರೋದು ನೋಡಿ ತಗೊಳ್ಳಿ' ಎಂದರು ಆಕೆ.

ಇದೇ ಮೊದಲ ಪಾಠ. ಬಿದಿರು ನೀರು ಕಳೆದುಕೊಂಡಂತೆ ಕುಗ್ಗುತ್ತದೆ. ಎಳೆಯದಾದರೆ ಇನ್ನೂ ಹೆಚ್ಚು. ಒಣಗಿದ ಬುಟ್ಟಿಯನ್ನು ಬೆಳಕಿಗೆ ಹಿಡಿದರೆ ಹೆಣಿಗೆಯ ಸಂದುಗಳು ಒಂದೇ ಸಮನಾಗಿವೆಯೇ ಎಂಬುದು ತಿಳಿಯುತ್ತದೆ. ಎರಡನೆಯದು, ದಬ್ಬೆ. ಬಿದಿರಿನ ನಾರು ಸಿಪ್ಪೆಯ ಕಡೆ ದಟ್ಟ, ಒಳಗೆ ವಿರಳ. ಭಾರ ಹೊರುವ ತಳದಲ್ಲಿ ನುಣುಪಾದ ಸಿಪ್ಪೆಯಿರುವ ದಬ್ಬೆಗಳಿರಬೇಕು. ಮೂರನೆಯದು, ಅಂಚು. ಎರಡೂ ಕೈಯಲ್ಲಿ ಮೆಲ್ಲಗೆ ಅದುಮಿ ಬಿಟ್ಟರೆ ಮೊದಲ ಆಕಾರಕ್ಕೆ ಮರಳಬೇಕು. ಪಾಠದಲ್ಲಿ ಓದುವ ಸ್ಥಿತಿಸ್ಥಾಪಕತ್ವ ಇದೇ. ಬೆರಳಾಡಿಸಿದರೆ ಸಿಬಿರು ಚುಚ್ಚಬಾರದು. ನಾಲ್ಕನೆಯದು, ಕಾಗದದ ಮೇಲೆ ಬುಟ್ಟಿಯನ್ನು ತಟ್ಟಿ ನೋಡುವುದು. ಸೂಜಿಮೊನೆಯಂಥ ತೂತು, ನುಣ್ಣನೆಯ ಹುಡಿ ಕಂಡರೆ ಬಿದಿರಿನ ಪಿಷ್ಟ ತಿನ್ನುವ ಹುಳು ಒಳಗಿದೆಯೆಂದು ಅರ್ಥ. ಬಣ್ಣ ಬಳಿದಿದ್ದರೆ ಆ ತೂತುಗಳು ಮರೆಯಾಗುತ್ತವೆ. ನಾನು ಮೋಸಹೋದದ್ದು ಅಲ್ಲೇ.

ಬಳಕೆಯೂ ಮುಖ್ಯ. ಹಣ್ಣು ತರಕಾರಿಗೆ ಗಾಳಿಯಾಡುವ ಬಿಡಿ ಹೆಣಿಗೆ, ರಾಗಿಗೆ ಒತ್ತಾದ ಹೆಣಿಗೆ. ನೆನೆದರೆ ನೆರಳಲ್ಲಿ ಆರಿಸಿಡಬೇಕು.

ಚೌಕಾಸಿ ಮಾಡಬೇಕೆಂದೇ ಬಸ್ಸಿಳಿದವನು ನಾನು. ಆದರೆ ತನ್ನ ಸರಕಿನ ಕುಂದನ್ನು ತಾನೇ ಹೇಳಿದವರೊಡನೆ ಹೇಗೆ ಚೌಕಾಸಿ ಮಾಡಲಿ? ಕೇಳಿದಷ್ಟೇ ಕೊಟ್ಟು ಬಂದೆ.

ಮಕ್ಕಳೇ, ಅಪ್ಪ ಅಮ್ಮನ ಜೊತೆ ಸಂತೆಗೆ ಹೋದಾಗ ಈ ಪರೀಕ್ಷೆಗಳನ್ನು ನೀವೇ ಮಾಡಿ. ಬೆಲೆ ಕೇಳುವುದನ್ನು ಮಾತ್ರ ಕೊನೆಗಿಟ್ಟುಕೊಳ್ಳಿ.