ಮೇಗರವಳ್ಳಿ ದಾಟಿದ ಮೇಲೆ ಪಿಂಗ್ ಎಷ್ಟು?

ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಕಾಫಿ ಹೊತ್ತಿಗೆ ತೀರ್ಥಹಳ್ಳಿ. ಅಲ್ಲಿ ಇಳಿದು, ಆಗುಂಬೆ ಕಡೆ ಹೋಗುವ ಬಸ್ಸು ಹಿಡಿದು, ಮೇಗರವಳ್ಳಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಇಳಿದು ಒಂದೂವರೆ ಕಿಲೋಮೀಟರ್ ನಡೆದರೆ ನಮ್ಮ ಚಿಕ್ಕಪ್ಪನ ಮನೆ. ಬೇಸಿಗೆ ರಜೆಯಲ್ಲಿ, ಹಬ್ಬದಲ್ಲಿ ಎಷ್ಟೋ ಸಲ ಈ ದಾರಿ ನಡೆದಿದ್ದೇನೆ. ಈ ಸಲ ನವೆಂಬರಿನಲ್ಲಿ ಹೋಗಿದ್ದು ಮಾತ್ರ ಒಂದು ಗೇಮ್ ರಿಪೇರಿ ಮಾಡಲಿಕ್ಕೆ. ನಗಬೇಡಿ, ಕಾರಣ ಇದೆ.

ಎರಡು ವರ್ಷದ ಹಿಂದೆ ಚಿಕ್ಕಪ್ಪನಿಗೆ ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು. ಅವರ ಮಗ, ನಾವೆಲ್ಲ ಪುಟ್ಟ ಅಂತ ಕರೆಯೋದು, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದ. ಬಾ ಅಂತ ಯಾರೂ ಹೇಳಿರಲಿಲ್ಲ, ಬರಬೇಡ ಅಂತಲೂ ಹೇಳಲಿಲ್ಲ. ಹಗಲು ತೋಟ, ಔಷಧಿ, ಕೊನೆಕಾರರ ಹಿಂದೆ ಓಡಾಟ. ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿ ಉಪ್ಪರಿಗೆಗೆ ಹೋಗಿ ಲ್ಯಾಪ್‌ಟಾಪ್ ತೆಗೆಯುತ್ತಿದ್ದ. ಕಾಲೇಜು ಹಾಸ್ಟೆಲಿನ ನಾಲ್ಕು ಗೆಳೆಯರು, ಇವನೊಬ್ಬ, ಐದು ಜನ ಸೇರಿ ವ್ಯಾಲರಂಟ್ ಆಡುವುದು. ಅದು ಐದೈದು ಜನರ ಎರಡು ತಂಡ ಗುಂಡು ಹಾರಿಸಿಕೊಳ್ಳುವ ಆಟ. ಗುಂಡಿಗಿಂತ ಹೆಚ್ಚು ಅಲ್ಲಿ ಹಾರುವುದು ಮಾತು. ಯಾರಿಗೆ ಹುಡುಗಿ ನೋಡಿದರು, ಯಾರ ಮ್ಯಾನೇಜರ್ ಬೈದ, ಎಲ್ಲ ಹೆಡ್‌ಫೋನಿನಲ್ಲೇ. ಆ ಎರಡು ಗಂಟೆ ಬಿಟ್ಟರೆ ಪುಟ್ಟನಿಗೆ ತನ್ನ ವಯಸ್ಸಿನವರ ಜೊತೆ ಮಾತಾಡಲು ಬೇರೆ ದಾರಿ ಇರಲಿಲ್ಲ.

ಒಂದು ದಿನ ಚಿಕ್ಕಮ್ಮ ಫೋನ್ ಮಾಡಿದರು. "ಅವ ಈಗ ಮಾತೇ ಆಡಲ್ಲ ಮಾರಾಯ. ರಾತ್ರಿ ಬೇಗ ಮಲಗ್ತಾನೆ. ನೆಟ್ ಸರಿ ಇಲ್ಲ ಅಂತಾನೆ, ನಂಗೆ ಅದೆಂತ ಗೊತ್ತಾಗ್ತದೆ? ನೀ ಒಂದ್ಸಲ ಬಂದು ನೋಡು." ಪುಟ್ಟನಿಗೆ ಫೋನ್ ಹಚ್ಚಿದೆ. ತುಂಬ ಕೇಳಿದ ಮೇಲೆ ಹೇಳಿದ. ಇವನ ಸಂಪರ್ಕ ನಡುನಡುವೆ ಕಡಿದು, ಇವನಿಂದಲೇ ತಂಡ ಸೋಲುತ್ತಿತ್ತಂತೆ. "ನಿನ್ನ ಪಿಂಗ್ ಸರಿ ಆದಾಗ ಬಾರೋ" ಅಂದು ಗೆಳೆಯರು ಬೇರೊಬ್ಬನನ್ನು ಐದನೆಯವನನ್ನಾಗಿ ಸೇರಿಸಿಕೊಂಡಿದ್ದರು. "ತಪ್ಪು ಅವರದ್ದಲ್ಲ ಅಣ್ಣ" ಅಂದ. ಆ ಮಾತು ಕೇಳಿಯೇ ನಾನು ಬಸ್ಸು ಬುಕ್ ಮಾಡಿದ್ದು.

ಮನೆ ಮುಟ್ಟಿದಾಗ ಚಪ್ಪರದ ಮೇಲೆ ಬೇಯಿಸಿದ ಅಡಿಕೆ ಹರವಿತ್ತು, ಗಾಳಿಯಲ್ಲಿ ಚೊಗರಿನ ವಾಸನೆ. ಚಿಕ್ಕಪ್ಪ ಜಗುಲಿಯ ಮಂಚದಲ್ಲಿ ಕೂತು, "ಆಟದ ನೆಟ್ ನೋಡಕ್ಕೆ ಬೆಂಗಳೂರಿಂದ ಬಂದ್ಯಾ? ಒಳ್ಳೆ ಇಂಜಿನಿಯರು" ಅಂದರು. ಮುಖದಲ್ಲಿ ನಗು ಇತ್ತು, ಪೂರ್ತಿ ಇರಲಿಲ್ಲ.

ಪುಟ್ಟ ಮೊದಲು ತೋರಿಸಿದ್ದು ಸ್ಪೀಡ್ ಟೆಸ್ಟ್. ಕೆಳಗಿಳಿಯುವುದು 38 ಎಂಬಿಪಿಎಸ್, ಮೇಲೇರುವುದು 6. ಕೇಬಲಿನ ಹುಡುಗನೂ ಪ್ರತಿಸಲ ಇದನ್ನೇ ನೋಡಿ "ಸ್ಪೀಡ್ ಬರ್ತಿದೆಯಲ್ಲ" ಅಂತ ಹೋಗುತ್ತಿದ್ದನಂತೆ. ನಮ್ಮಲ್ಲಿ ಬಹಳ ಜನ ಎಡವುವುದು ಇಲ್ಲೇ. ಸಿನಿಮಾ ನೋಡುವಾಗ ಫೋನು ಮುಂದಿನ ಭಾಗವನ್ನು ಹಂಡೆಗೆ ನೀರು ತುಂಬಿಟ್ಟ ಹಾಗೆ ಮೊದಲೇ ತುಂಬಿಕೊಳ್ಳುತ್ತದೆ, ನಲ್ಲಿ ಅರೆಗಳಿಗೆ ನಿಂತರೂ ಸ್ನಾನ ನಿಲ್ಲುವುದಿಲ್ಲ. ಗೇಮಿನಲ್ಲಿ ಹಂಡೆಯೇ ಇಲ್ಲ. ಎದುರಾಳಿ ಮುಂದಿನ ಕ್ಷಣ ಏನು ಮಾಡುತ್ತಾನೆ ಅಂತ ಮೊದಲೇ ತುಂಬಿಟ್ಟುಕೊಳ್ಳಲು ಆಗುವುದಿಲ್ಲವಲ್ಲ. ವ್ಯಾಲರಂಟಿನ ಸರ್ವರ್ ಸೆಕೆಂಡಿಗೆ 128 ಸಲ ಆಟದ ಲೆಕ್ಕ ಹಾಕುತ್ತದೆ, ಅಂದರೆ ಸುಮಾರು 8 ಮಿಲಿಸೆಕೆಂಡಿಗೊಮ್ಮೆ. ಹೋಗಿ ಬರುವ ಪೊಟ್ಟಣಗಳು ಸಣ್ಣವು, ಅವಕ್ಕೆ 38 ಎಂಬಿಪಿಎಸ್ ಏನೂ ಬೇಡ. ಅವು ಹೊತ್ತಿಗೆ ಸರಿಯಾಗಿ ತಲುಪಬೇಕು, ಅಷ್ಟೆ. ದಾರಿಯಲ್ಲಿ ಕಳೆದುಹೋದ ಪೊಟ್ಟಣ ಮತ್ತೆ ಬರುವವರೆಗೆ ಆಟ ಕಾಯುವುದಿಲ್ಲ.

ಪುಟ್ಟನ ದೊಡ್ಡ ದೂರು ಬೇರೆ ಇತ್ತು. "ನಾ ಗೋಡೆ ಹಿಂದೆ ಬಂದಾಗಿರ್ತದೆ ಅಣ್ಣ, ಆಮೇಲೆ ಸಾಯ್ತೀನಿ. ಇದು ಮೋಸ ಅಲ್ವಾ?" ಮೋಸ ಅಲ್ಲ. ಎದುರಾಳಿ ಗುಂಡು ಹೊಡೆದ ಕ್ಷಣದಲ್ಲಿ ಅವನ ಪರದೆಯ ಮೇಲೆ ನೀನು ಎಲ್ಲಿದ್ದೆ ಅಂತ ಸರ್ವರ್ ಸ್ವಲ್ಪ ಹಿಂದಕ್ಕೆ ತಿರುಗಿ ನೋಡಿ ತೀರ್ಪು ಕೊಡುತ್ತದೆ. ಅವನಿಗೆ ನೀನಿನ್ನೂ ಬಯಲಿನಲ್ಲೇ ಕಾಣುತ್ತಿದ್ದೆ. ಗೋಡೆ ಹಿಂದೆ ಸೇರಿದ ನಿನ್ನ ಸುದ್ದಿ ದಾರಿಯಲ್ಲೇ ಇತ್ತು.

ಆ ರಾತ್ರಿ ಆಟ ಬಿಟ್ಟು ಬರೀ ಪಿಂಗ್ ಮಾಡುತ್ತ ಕೂತೆವು. ಪಿಂಗ್ ಅಂದರೆ ಒಂದು ಸಣ್ಣ ಸಂದೇಶ ಹೋಗಿ ಉತ್ತರ ತರಲು ಹಿಡಿಯುವ ಸಮಯ. ಮುಂಬೈ ಸರ್ವರಿನ ತಂಟೆಗೆ ಹೋಗದೆ ಮೊದಲು ಮನೆಯೊಳಗಿನ ರೌಟರಿಗೇ ಪಿಂಗ್ ಮಾಡಿದೆ. ಅದು 1, 2 ಮಿಲಿಸೆಕೆಂಡಿನಲ್ಲಿ ಬರಬೇಕು. ಬಂದದ್ದು 3, 4, 180, 5, 95. ಜಗುಲಿಯಿಂದ ಉಪ್ಪರಿಗೆಗೆ ಬರುವಷ್ಟರಲ್ಲೇ ಎಡವುತ್ತಿದೆ ಅಂದಮೇಲೆ ಮುಂಬೈಯನ್ನು ಬೈದು ಏನು ಪ್ರಯೋಜನ? ರೌಟರ್ ಕೆಳಗೆ ಟಿವಿ ಪಕ್ಕದಲ್ಲಿ, ಪುಟ್ಟನ ಕೋಣೆ ಮೇಲೆ ಹಿತ್ತಲ ಕಡೆ, ನಡುವೆ ಅಜ್ಜನ ಕಾಲದ ಮೊಳ ದಪ್ಪದ ಮಣ್ಣಿನ ಗೋಡೆಗಳು. ಬೇಸಿಗೆಯಲ್ಲಿ ತಂಪು ಕೊಡುವ ಗೋಡೆ ವೈಫೈಯನ್ನೂ ತಣ್ಣಗೆ ನುಂಗುತ್ತದೆ. ಮಾರನೆಯ ದಿನ ತೀರ್ಥಹಳ್ಳಿಗೆ ಹೋಗಿ 30 ಮೀಟರ್ ಲ್ಯಾನ್ ಕೇಬಲ್ ತಂದು, ಸೂರಿನ ಅಡಿಯಲ್ಲಿ ಹಾಯಿಸಿ, ಉಪ್ಪರಿಗೆ ಕಿಟಕಿಯಿಂದ ಒಳಗೆ ಬಿಟ್ಟೆವು. ರೌಟರಿನ ಪಿಂಗ್ 1ಕ್ಕೆ ಬಂದು ನಿಂತಿತು. ಗೇಮಿಂಗ್ ರೌಟರು, ಪಿಂಗ್ ಕಡಿಮೆ ಮಾಡುವ ಆಪು ಅಂತ ಸಾವಿರಗಟ್ಟಲೆ ಸುರಿಯುವವರಿದ್ದಾರೆ. ಮೊದಲು ಒಂದು ತಂತಿ ಹಾಕಿ ನೋಡಿ ಅಂತ ಅವರಿಗೆ ಹೇಳಬೇಕು.

ಆದರೂ ಸಂಜೆ ಎಂಟೂವರೆ ಆಗುತ್ತಿದ್ದ ಹಾಗೆ ಹೊರಗಿನ ಪಿಂಗ್ ನಾನೂರಕ್ಕೆ ಏರುತ್ತಿತ್ತು, ಹತ್ತರ ಮೇಲೆ ಇಳಿಯುತ್ತಿತ್ತು. ಏನು ವೇಳೆ ಇದು ಅಂತ ಯೋಚಿಸುತ್ತ ಅಡಿಕೆ ಸುಲಿಯುವವರ ಪಕ್ಕ ಕೂತಿದ್ದೆ. ಮೆಟ್ಟುಗತ್ತಿಯ ಸದ್ದು, ಹೆಂಗಸರ ಹರಟೆ. ಮೇಲೆ ನೋಡಿದರೆ ಚಪ್ಪರದ ಕಂಬದಲ್ಲಿ ಎರಡು ಕ್ಯಾಮೆರಾ! ಅಡಿಕೆ ಕಳ್ಳತನದ ಹೆದರಿಕೆಗೆ ಚಿಕ್ಕಪ್ಪ ಹಾಕಿಸಿದ್ದು. ಎರಡೂ ಹಗಲು ರಾತ್ರಿ ಕ್ಲೌಡಿಗೆ ವಿಡಿಯೋ ಕಳಿಸುತ್ತವೆ, ತಲಾ 2 ಎಂಬಿಪಿಎಸ್. ಮೇಲೇರುವ ದಾರಿ ಇರುವುದೇ 6, ಅದರಲ್ಲಿ 4 ಅಲ್ಲಿಗೇ ಹೋಯಿತು. ಎಂಟೂವರೆಗೆ ಕೆಲಸ ಮುಗಿಸಿ ಎಲ್ಲರೂ ಫೋನು ಚಾರ್ಜಿಗೆ ಹಾಕುತ್ತಾರೆ. ಆಗ ಚಿಕ್ಕಮ್ಮನ ಫೋನು ಆ ದಿನದ ಫೋಟೋ, ವಿಡಿಯೋ ಎಲ್ಲವನ್ನೂ ಬ್ಯಾಕಪ್‌ಗೆ ಕಳಿಸಲು ಶುರುಮಾಡುತ್ತದೆ. ಆಗುಂಬೆ ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಹಿಂದೆ ಸಾಲು ಬೆಳೆಯುವುದನ್ನು ನೋಡಿದ್ದೀರಲ್ಲ, ಹಾಗೆ. ಆ ಸಾಲಿನ ಕೊನೆಯಲ್ಲಿ ಬೈಕ್ ಹಿಡಿದು ನಿಂತವನು ಪುಟ್ಟ. ಬೈಕು ಎಷ್ಟು ಸಣ್ಣದಾದರೂ ಮುಂದೆ ಹೋಗಲು ಜಾಗ ಇಲ್ಲ.

ಕ್ಯಾಮೆರಾ ಎರಡಕ್ಕೂ ಮೆಮೊರಿ ಕಾರ್ಡ್ ಹಾಕಿ, ಅಲುಗಾಟ ಕಂಡಾಗ ಮಾತ್ರ ಕ್ಲೌಡಿಗೆ ಕಳಿಸುವ ಹಾಗೆ ಮಾಡಿದೆ. ಚಿಕ್ಕಮ್ಮನ ಬ್ಯಾಕಪ್ ಹಗಲಿಗೆ ಹೋಯಿತು. ಇದನ್ನು ಚಿಕ್ಕಮ್ಮನಿಗೆ ವಿವರಿಸಿದ್ದು ಈ ಪ್ರವಾಸದ ಕಷ್ಟದ ಕೆಲಸ. "ಹಂಗಾರೆ ಅವನ ಆಟ ಕೆಡಿಸ್ತಾ ಇದ್ದಿದ್ದು ನಾನೇನಾ?" ಅಂತ ಅವರು ಸುಮಾರು ಹೊತ್ತು ಬೇಜಾರು ಮಾಡಿಕೊಂಡರು.

ಮೂರನೆಯ ದಿನ ಗಾಳಿ ಎದ್ದಿತು. ಪಿಂಗ್ ಏನೋ ಸರಿಯಿತ್ತು, ಪೊಟ್ಟಣಗಳೇ ಕಳೆಯತೊಡಗಿದವು. ನೂರರಲ್ಲಿ ಹತ್ತು, ಕೆಲವೊಮ್ಮೆ ಇಪ್ಪತ್ತು. ಗಾಳಿ ನಿಂತರೆ ಸೊನ್ನೆ. ರೌಟರಿನ ಒಳಪುಟದಲ್ಲಿ ಫೈಬರಿನಿಂದ ಬರುವ ಬೆಳಕಿನ ಬಲ ತೋರಿಸುವ ಒಂದು ಸಂಖ್ಯೆ ಇರುತ್ತದೆ. ಮನೆಗಳಲ್ಲಿ ಮೈನಸ್ 20ರ ಆಸುಪಾಸು ಇದ್ದರೆ ಚಿಂತೆ ಇಲ್ಲ, ಮೈನಸ್ 27 ದಾಟಿದರೆ ಪೆಟ್ಟಿಗೆಗೆ ಕಣ್ಣು ಮಂಜಾದ ಹಾಗೆ. ಇಲ್ಲಿ ಮೈನಸ್ 26, ಗಾಳಿ ಬೀಸಿದಾಗ 28.

ಸರಿ, ತಂತಿ ಹಿಡಿದು ಹೊರಟೆವು. ಇಪ್ಪತ್ತು ವರ್ಷದಿಂದ ನಡೆದ ದಾರಿಯನ್ನು ನಾನು ಮೊದಲ ಸಲ ತಲೆ ಎತ್ತಿಕೊಂಡು ನಡೆದೆ. ಮನೆಯ ಮಾಡಿನಿಂದ ತೆಂಗಿನ ಮರಕ್ಕೆ, ಅಲ್ಲಿಂದ ತೋಟದ ಅಂಚಿನ ಅಡಿಕೆ ಮರಗಳಿಗೆ, ಹಳ್ಳ ದಾಟಿ ಆಚೆ ದಡದ ಮತ್ತಿ ಮರಕ್ಕೆ, ಆಮೇಲೆ ಕರೆಂಟ್ ಕಂಬಕ್ಕೆ. ಕೂದಲೆಳೆ ದಪ್ಪದ ಗಾಜಿನ ಎಳೆ, ಕಪ್ಪು ಹೊದಿಕೆ ಹೊದ್ದು, ಕಾಡಿನ ನಡುವೆ ಮರದಿಂದ ಮರಕ್ಕೆ ಹೋಗುತ್ತದೆ. ಮಂಗಗಳು ಅದರ ಮೇಲೆ ಜೋಕಾಲಿ ಆಡುತ್ತವೆ ಅಂತ ಪುಟ್ಟ ಹೇಳಿದ. ವರ್ಷಕ್ಕೆ 7000 ಮಿಲಿಮೀಟರಿನಷ್ಟು ಮಳೆ ಸುರಿಯುವ ಆಗುಂಬೆಯ ಮಗ್ಗುಲಲ್ಲಿ ಇದು ಒಂದು ಮಳೆಗಾಲ ಬದುಕುವುದೇ ಆಶ್ಚರ್ಯ. ದಾರಿಯಲ್ಲಿ ಪುಟ್ಟ ತುಂಬ ಮಾತಾಡಿದ. ಯಾವ ಮರಕ್ಕೆ ಕೊಳೆ ಬಂತು, ಈ ವರ್ಷ ರಾಶಿ ಅಡಿಕೆಗೆ ಎಷ್ಟು ರೇಟು. ಬೆಂಗಳೂರಿಗೆ ವಾಪಸ್ ಬರಲ್ವಾ ಅಂತ ಕೇಳಿದೆ. "ಅಪ್ಪ ಇರೋವರೆಗೆ ಆ ಪ್ರಶ್ನೆ ಬೇಡ ಅಣ್ಣ" ಅಂದ. ಆಮೇಲೆ ತಾನಾಗಿಯೇ, "ಅಪ್ಪ ತುಂಬ ದಿನ ಇರ್ಲಿ" ಅಂತ ಸೇರಿಸಿದ.

ರಸ್ತೆಗೆ ಇನ್ನೂರು ಮಾರು ಇದೆ ಅನ್ನುವಾಗ ಒಂದು ಹಲಸಿನ ಮರ. ಉಳಿದ ಕೇಬಲನ್ನು ಯಾರೋ ಬಿಗಿಯಾಗಿ ಸುತ್ತಿ ಕಬ್ಬಿಣದ ತಂತಿಯಿಂದ ಕೊಂಬೆಗೆ ಕಟ್ಟಿದ್ದರು. ಫೈಬರಿನೊಳಗೆ ಬೆಳಕು ಗೋಡೆಗೆ ತಾಗಿ ತಾಗಿ ಒಳಗೇ ಉಳಿಯುತ್ತ ಸಾಗುತ್ತದೆ. ಅತಿಯಾಗಿ ಬಗ್ಗಿಸಿದರೆ ಆ ಬಾಗಿನಲ್ಲಿ ಹೊರಗೆ ಸೋರುತ್ತದೆ. ಗಾಳಿಗೆ ಕೊಂಬೆ ತೂಗಿದಾಗಲೆಲ್ಲ ಬಾಗು ಬಿಗಿದು ಬೆಳಕು ಸೋರುತ್ತಿತ್ತು. ನಾವೇ ಬಿಚ್ಚಿಬಿಡೋಣ ಅಂದ ಪುಟ್ಟ. ಬೇಡ, ಎಳೆ ತುಂಡಾದರೆ ಬೆಸೆಯುವ ಯಂತ್ರ ನಮ್ಮ ಹತ್ತಿರ ಇಲ್ಲ ಅಂದೆ. ಫೋಟೋ, ಸಂಖ್ಯೆಗಳ ಸಮೇತ ಕೇಬಲಿನವನಿಗೆ ಕಳಿಸಿದೆವು. "ಸ್ಪೀಡ್ ಇಲ್ಲ" ಅಂದರೆ ಬಾರದವನು, "ಮೈನಸ್ 28 ತೋರಿಸ್ತಿದೆ, ಹಲಸಿನ ಮರದ ಹತ್ತಿರ" ಅಂದಾಗ ಮರುದಿನವೇ ಬಂದ. ಬಾಗು ತೆಗೆದು, ಸವೆದ ಭಾಗ ಕತ್ತರಿಸಿ ಬೆಸೆದ. ಸಂಖ್ಯೆ ಮೈನಸ್ 21ಕ್ಕೆ ಬಂತು. ಚಿಕ್ಕಮ್ಮ ಅವನಿಗೆ ಕಾಫಿ, ಬಾಳೆಲೆಯಲ್ಲಿ ಕೊಟ್ಟೆ ಕಡುಬು ಕೊಟ್ಟು ಕಳಿಸಿದರು. ಕರೆಂಟ್ ಹೋದರೆ ರೌಟರ್ ಆರದಿರಲಿ ಅಂತ ಒಂದು ಪುಟ್ಟ ಯುಪಿಎಸ್ಸನ್ನೂ ಇಟ್ಟೆವು.

ಎಲ್ಲ ಆದ ಮೇಲೆ ಮುಂಬೈಗೆ ಪಿಂಗ್ 36. ಇನ್ನೂ ಇಳಿಸು ಅಂದ ಪುಟ್ಟ. ಅದು ನನ್ನ ಕೈಲಾಗದ ಕೆಲಸ. ಊರಿನಿಂದ ಮುಂಬೈ ಹಕ್ಕಿ ಹಾರಿದಂತೆ ಸುಮಾರು 650 ಕಿಲೋಮೀಟರ್. ಗಾಜಿನೊಳಗೆ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಓಡುವುದರಿಂದ ನೇರ ದಾರಿ ಇದ್ದರೆ ಹೋಗಿ ಬರಲು 7 ಸಾಕು. ಆದರೆ ದಾರಿ ಪತ್ತೆಹಚ್ಚಿ ನೋಡಿದರೆ ನಮ್ಮ ಪೊಟ್ಟಣ ಬೆಂಗಳೂರಿಗೆ, ಅಲ್ಲಿಂದ ಚೆನ್ನೈಗೆ, ಆಮೇಲೆ ಮುಂಬೈಗೆ ಹೋಗುತ್ತಿತ್ತು. ತೀರ್ಥಹಳ್ಳಿಯವನು ಉಡುಪಿಗೆ ಹೋಗಲು ಆಗುಂಬೆ ಘಾಟಿ ಇಳಿಯುವ ಬದಲು ಬೆಂಗಳೂರು ಸುತ್ತಿ ಹೋದ ಹಾಗೆ. ಆ ರಸ್ತೆ ಹಾಕುವವರು ಬೇರೆ. 36ರಲ್ಲಿ ಚೆನ್ನಾಗಿಯೇ ಆಡಬಹುದು, ಅಲುಗಾಡದೆ ಅಲ್ಲೇ ನಿಂತರೆ ಆಯಿತು.

ಹೊರಡುವ ಹಿಂದಿನ ರಾತ್ರಿ ಪುಟ್ಟ ಒಂಬತ್ತಕ್ಕೆ ಗುಂಪಿನಲ್ಲಿ ಬರೆದ: "ಪಿಂಗ್ ಸರಿ ಆಗಿದೆ." ಐದು ಜನ ಆಗಲೇ ಆಟದಲ್ಲಿದ್ದರು. ಹೊಸ ಹುಡುಗ ಚೆನ್ನಾಗಿ ಆಡುತ್ತಾನಂತೆ. ಪುಟ್ಟ ಒಬ್ಬನೇ ಅಭ್ಯಾಸದ ಮೈದಾನದಲ್ಲಿ ಗೊಂಬೆಗಳಿಗೆ ಗುಂಡು ಹೊಡೆಯುತ್ತ ಕೂತ. ನಾನು ಪಕ್ಕದ ಚಾಪೆಯಲ್ಲಿ ಫೋನ್ ನೋಡುವವನ ಹಾಗೆ ನಟಿಸುತ್ತಿದ್ದೆ. ಇಂಥದ್ದಕ್ಕೆ ಯಾವ ಲ್ಯಾನ್ ಕೇಬಲ್ ತರುವುದು? ಹತ್ತೂಕಾಲು ಗಂಟೆಗೆ ಗೆಳೆಯನೊಬ್ಬನಿಗೆ ಆಫೀಸಿನಿಂದ ಕರೆ ಬಂದು ಅವನು ಎದ್ದುಹೋದ. ಪುಟ್ಟನ ಪರದೆಯ ಮೂಲೆಯಲ್ಲಿ ಆಹ್ವಾನ ಮಿನುಗಿತು.

ಅರ್ಧ ಗಂಟೆಯ ಮೇಲೆ ಕೆಳಗಿನಿಂದ ಚಿಕ್ಕಪ್ಪನ ದನಿ ಬಂತು: "ಎಂತದಾ ಅದು ಗಲಾಟೆ?" ಉಪ್ಪರಿಗೆಯಲ್ಲಿ ಪುಟ್ಟ ಯಾರನ್ನೋ ಹಾಸ್ಟೆಲಿನ ಹಳೆ ಅಡ್ಡಹೆಸರಿನಿಂದ ಬಯ್ಯುತ್ತ, ಜೋರಾಗಿ ನಗುತ್ತಿದ್ದ. "ನೆಟ್ ಸರಿ ಆಯ್ತಂತೆ, ನೀವು ಮಲ್ಕೊಳಿ" ಅಂದರು ಚಿಕ್ಕಮ್ಮ.