ಹೊಳೆ ದಾಟುವ ವಿದ್ಯೆ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನ್ನ ಮನಸ್ಸು ಶ್ರೀಮಠದ ಅಂಗಳಕ್ಕಿಂತ ಮೊದಲು ಹೊಳೆಯ ದಂಡೆಗೆ ಹೋಯಿತು. ನಮ್ಮೂರು ಇದ್ದುದು ತುಂಗಭದ್ರೆಯ ಆಚೆಯ ದಡದಲ್ಲಿ. ಬೇಸಗೆಯಲ್ಲಿ ಮೊಣಕಾಲುದ್ದದ ನೀರಿನಲ್ಲಿ ನಡೆದು ಶಾಲೆಗೆ ಬರುತ್ತಿದ್ದ ನಾವು ಮಳೆಗಾಲದಲ್ಲಿ ಹರಿಗೋಲನ್ನೇರಬೇಕಾಗಿತ್ತು. ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದ ಆ ದುಂಡನೆಯ ಬುಟ್ಟಿಯನ್ನು ನಂಬಿಯೇ ನಮ್ಮ ವಿದ್ಯಾಭ್ಯಾಸ ಸಾಗಿತ್ತು.

ಆ ದಿನಗಳಲ್ಲಿ ನಮ್ಮ ಗುರುಗಳೊಬ್ಬರು ಪಂಡಿತ ಮತ್ತು ಅಂಬಿಗನ ಕತೆಯನ್ನು ಹೇಳಿದ್ದರು. ವ್ಯಾಕರಣವರಿಯದ ಅಂಬಿಗನ ಅರ್ಧ ಬಾಳು ವ್ಯರ್ಥವೆಂದ ಪಂಡಿತನು, ದೋಣಿ ಮುಳುಗುವಾಗ ಈಜು ಬಾರದೆ ಇಡೀ ಬಾಳನ್ನೇ ಕಳೆದುಕೊಂಡ ಕತೆ. ತರಗತಿಯೆಲ್ಲ ನಕ್ಕಿತು. ತರಗತಿಗೆ ಮೊದಲಿಗನಾಗಿದ್ದ ನಾನೂ ನಕ್ಕೆ. ನನಗೆ ಈಜು ಬರುತ್ತಿರಲಿಲ್ಲ.

ಎಂಟು ಮಂದಿಗಿಂತ ಹೆಚ್ಚು ಜನರನ್ನು ಹತ್ತಿಸುವುದಿಲ್ಲವೆಂಬುದು ನಮ್ಮ ಅಂಬಿಗಜ್ಜನ ನೇಮ. ಅದೊಂದು ಸಂತೆಯ ದಿನ. ಮೋಡ ಕವಿದಿತ್ತು, ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. “ಅಜ್ಜಾ, ಇದೊಂದು ಸಲ ಹತ್ತಿಸಿಕೋ” ಎಂದು ಗೋಗರೆದವರಲ್ಲಿ ನಾನೂ ಒಬ್ಬ. ಅಜ್ಜ ಮನಸ್ಸಿಲ್ಲದೆ ಒಪ್ಪಿದ. ಹದಿಮೂರು ಜನ, ಎರಡು ಮೂಟೆ, ಒಂದು ಆಡಿನ ಮರಿ. ನಡುಹೊಳೆಯಲ್ಲಿ ಮರಿ ಬೆದರಿ ಹಾರಲು, ಅದನ್ನು ಹಿಡಿಯುವುದಕ್ಕೆಂದು ನಾಲ್ಕಾರು ಜನ ಒಂದೇ ಪಕ್ಕಕ್ಕೆ ವಾಲಿದರು. ಹರಿಗೋಲು ಮಗುಚಿತು.

ಅಂಬಿಗಜ್ಜನ ಮೊಮ್ಮಗ ನನ್ನ ಸಹಪಾಠಿ. ಹಿಂದಿನ ಬೆಂಚಿನ ಹುಡುಗ. ಅವನು ಬಂದು ನನ್ನನ್ನು ಹಿಡಿದಾಗ ನಾನು ಭಯದಿಂದ ಅವನ ಕೊರಳನ್ನೇ ಬಿಗಿಯಾಗಿ ತಬ್ಬಿಕೊಂಡೆ. ನನ್ನ ಹಿಡಿತವನ್ನು ಬಿಡಿಸಿ, ದಡ ಸೇರಿಸಿ, ಅವನು ಮತ್ತೆ ನೀರಿಗಿಳಿಯುವಷ್ಟರಲ್ಲಿ ಕೆಳಗಿನ ತರಗತಿಯ ಹುಡುಗನೊಬ್ಬನನ್ನು ಸೆಳವು ಒಯ್ದಿತ್ತು. ನಾನು ಈಜು ಕಲಿತಿದ್ದರೆ ಆ ಕ್ಷಣಗಳು ಅವನಿಗೆ ದಕ್ಕುತ್ತಿದ್ದವು. ಇದನ್ನು ನಾನು ಇದುವರೆಗೆ ಎಲ್ಲಿಯೂ ಬರೆದಿರಲಿಲ್ಲ.

ಹರಿಗೋಲಿನ ಕಾಲ ಮುಗಿಯಿತೆಂದು ಸಮಾಧಾನಪಡುವಂತಿಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ವಿಹಾರದ ದೋಣಿ ಮಗುಚಿ 45 ಮಂದಿ ಮಡಿದರು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಗೆ ಹೋಗಿದ್ದವರ ದೋಣಿ ಮಗುಚಿ 16 ಜೀವಗಳು ಹೋದವು. 2023ರ ಮೇ 7ರಂದು ತಾನೂರಿನಲ್ಲಿ ಮಿತಿಮೀರಿ ಜನರನ್ನು ತುಂಬಿಕೊಂಡು ಕತ್ತಲಲ್ಲಿ ಹೊರಟ ದೋಣಿ 22 ಮಂದಿಯನ್ನು ಬಲಿ ತೆಗೆದುಕೊಂಡಿತು. 2021ನೆಯ ಇಸವಿಯೊಂದರಲ್ಲಿಯೇ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ.

ದೋಣಿಯ ಭಾರ ಹೆಚ್ಚಿದಷ್ಟೂ ಅದರ ಅಂಚು ನೀರಿಗೆ ಸಮೀಪವಾಗುತ್ತದೆ. ಜನ ಎದ್ದು ನಿಂತರೆ ಭಾರದ ಕೇಂದ್ರ ಮೇಲೇರುತ್ತದೆ. ಒಂದೇ ಪಕ್ಕಕ್ಕೆ ಸರಿದರೆ ತೂಕ ತಪ್ಪುತ್ತದೆ. ಆದುದರಿಂದ ಮಿತಿ ಮೀರಿದ ದೋಣಿಯನ್ನು ಏರಬಾರದು, ಏರಿದ ಮೇಲೆ ಕುಳಿತೇ ಇರಬೇಕು, ತೇಲುವ ಕವಚವನ್ನು ದಡದಲ್ಲಿಯೇ ತೊಟ್ಟುಕೊಳ್ಳಬೇಕು. ಮಗುಚಿದ ದೋಣಿ ತೇಲುತ್ತಿದ್ದರೆ ಅದನ್ನೇ ಹಿಡಿದಿರುವುದು ಲೇಸು. ಮುಳುಗುತ್ತಿರುವವನ ಬಳಿಗೆ ತರಬೇತಿಯಿಲ್ಲದವರು ಧುಮುಕದೆ ಹಗ್ಗವನ್ನೋ ಕೋಲನ್ನೋ ಖಾಲಿ ಕೊಡವನ್ನೋ ನೀಡಬೇಕು. ನೆರೆಯ ಸೆಳವಿನಲ್ಲಿ ಈಜುಗಾರನೂ ಸೋಲಬಹುದು. ಆದರೂ ಉಸಿರು ಹಿಡಿದು ಅಂಗಾತ ತೇಲಲು ಬಲ್ಲವನು ಗಾಬರಿಗೊಳ್ಳುವುದಿಲ್ಲ, ಇನ್ನೊಬ್ಬರ ಕೊರಳಿಗೆ ಬೀಳುವುದಿಲ್ಲ.

ನಮ್ಮ ಹಿರಿಯರು ಬೆನ್ನಿಗೆ ಒಣ ಸೋರೆಬುರುಡೆಯನ್ನು ಕಟ್ಟಿ ಮಕ್ಕಳನ್ನು ಬಾವಿಗಿಳಿಸುತ್ತಿದ್ದರು. ಆ ಪದ್ಧತಿ ಮರೆಯಾಗುತ್ತ ಬಂದಿದೆ. ಕೆರೆ, ಕಾಲುವೆ, ಕೃಷಿ ಹೊಂಡಗಳು ಮಾತ್ರ ಉಳಿದಿವೆ. ದೋಣಿ ನಡೆಸುವುದನ್ನೇ ಕಾಯಕವಾಗಿಸಿಕೊಂಡ ಅಂಬಿಗರ ಚೌಡಯ್ಯನವರನ್ನು ಶರಣರ ಸಾಲಿನಲ್ಲಿ ಗೌರವಿಸುವ ನಾವು ಆ ಕಾಯಕದ ಮೊದಲ ಪಾಠವನ್ನು ಮಕ್ಕಳಿಗೆ ಕಲಿಸದಿರುವುದು ತರವಲ್ಲ.

ಆದುದರಿಂದ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿಯೂ ನನ್ನದೊಂದು ವಿನಂತಿ. ಶಾಲೆಯ ಆವರಣದಲ್ಲಿ ಎದೆಮಟ್ಟಕ್ಕಿಂತ ಆಳವಲ್ಲದ ಒಂದು ಕೊಳವಾಗಲಿ; ಬಲ್ಲವರೊಬ್ಬರು ಶಿಕ್ಷಕರಾಗಲಿ; ಹುಡುಗರಂತೆ ಹುಡುಗಿಯರೂ ಕಲಿಯಲಿ. ಅದಕ್ಕೆ ನನ್ನ ನಿವೃತ್ತಿಯ ಹಣದಿಂದ ಮೊದಲ ಕಾಣಿಕೆಯನ್ನು ಸಲ್ಲಿಸುತ್ತೇನೆ. ಕೊಳಕ್ಕೆ ನನ್ನ ಹೆಸರು ಬೇಡ. ಹೊಳೆ ಒಯ್ದ ಆ ಹುಡುಗನ ಹೆಸರನ್ನು ಇಟ್ಟರೆ ಸಾಕು.