ಒಂದೇ ಹೊಟ್ಟೆ, ಎರಡು ನೋವು

ಮೊಳಕಾಲ್ಮುರಿನ ಆ ರೇಷ್ಮೆ ನೇಕಾರರಿಗೆ ರಾತ್ರಿ ಊಟವಾದ ಮೇಲೆ ಹೊಟ್ಟೆನೋವು ಶುರುವಾಯಿತು. ಹೊಕ್ಕುಳಿನ ಮೇಲ್ಭಾಗದಲ್ಲಿ, ನಟ್ಟನಡುವೆ ಹುಟ್ಟಿದ ನೋವು ಬೆನ್ನಿಗೆ ಇರಿಯುತ್ತಿತ್ತು. ಮಲಗಿದರೆ ಹೆಚ್ಚು, ಮಗ್ಗದ ಮುಂದೆ ಕುಳಿತಂತೆ ಮುಂದಕ್ಕೆ ಬಾಗಿದರೆ ತುಸು ಕಡಿಮೆ. ಮೇಲಿಂದ ಮೇಲೆ ವಾಂತಿ ಬೇರೆ.

"ಗ್ಯಾಸು ಕಣಣ್ಣ, ಸೋಡಾ ಕುಡಿ" ಎಂದರು ನೆರೆಯವರು. ಹೆಂಡತಿ ಮಾತ್ರ, "ನಮ್ಮಣ್ಣಂಗೂ ಹಿಂಗೇ ಆಗಿತ್ತಲ್ಲ, ಪಿತ್ತಕೋಶದ್ದೇ ಇರಬೇಕು" ಎಂದರು.

ಅಣ್ಣ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಕೆಲಸಗಾರ. ಹಿಂದೊಮ್ಮೆ ಮದುವೆಯೂಟ ಉಂಡು ಬಂದ ರಾತ್ರಿ ಅವರಿಗೂ ನೋವು ಬಂದಿತ್ತು. ಆದರೆ ಅದು ಬಲಪಕ್ಕೆಯ ಕೆಳಗೆ ಹುಟ್ಟಿ ಬಲಹೆಗಲಿಗೆ ಹರಿದಿತ್ತು. ವೈದ್ಯರು ಅಲ್ಲಿ ಬೆರಳೊತ್ತಿ ದೀರ್ಘವಾಗಿ ಉಸಿರೆಳೆಯಲು ಹೇಳಿದಾಗ ಉಸಿರು ಅರ್ಧಕ್ಕೇ ನಿಂತಿತ್ತು. ಅಮೆರಿಕದ ಶಸ್ತ್ರವೈದ್ಯ ಜಾನ್ ಮರ್ಫಿ ಅವರ ಹೆಸರಿನಿಂದ ಕರೆಯುವ ಈ ಲಕ್ಷಣ ಪಿತ್ತಕೋಶದ ಉರಿಯೂತವನ್ನು ಸೂಚಿಸುತ್ತದೆ.

ಪಿಯುಸಿ ಓದುತ್ತಿದ್ದ ಮಗಳಿಗೆ ಪಾಠದ ಚಿತ್ರ ನೆನಪಾಯಿತು. ಯಕೃತ್ತಿನ ಅಡಿಯಲ್ಲಿ ಬಲಕ್ಕೆ ಪಿತ್ತಕೋಶ. ಜಠರದ ಹಿಂದೆ ಅಡ್ಡಲಾಗಿ ಮೇದೋಜೀರಕ ಗ್ರಂಥಿ. "ಅಮ್ಮಾ, ಮಾವಂಗೆ ಬಲಗಡೆ ಇತ್ತು. ಅಪ್ಪಂಗೆ ನಡುವೆ ಹುಟ್ಟಿ ಬೆನ್ನಿಗೆ ಹೋಗ್ತಿದೆ. ಬೆಳಗಿನ ತನಕ ಕಾಯೋದು ಬೇಡ" ಎಂದಳು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದಾಗ ಲೈಪೇಸ್ ಎಂಬ ಕಿಣ್ವ ಸಹಜ ಮಿತಿಯ 3 ಪಟ್ಟನ್ನೂ ಮೀರಿತ್ತು. ಅಂಥ ನೋವಿನ ಜೊತೆ ಇಂಥ ಏರಿಕೆ ಕಂಡರೆ ಅದು ಮೇದೋಜೀರಕದ ಉರಿಯೂತ. "ಕುಡಿಯೋರಿಗೆ ಬರೋ ಕಾಯಿಲೆ" ಎಂದು ಯಾರೋ ಪಿಸುಗುಟ್ಟಿದರು. ಎಂದೂ ಹೆಂಡ ಮುಟ್ಟದ ಮನುಷ್ಯ ನೋವಿಗಿಂತ ಆ ಮಾತಿಗೇ ಹೆಚ್ಚು ನೊಂದರು.

ಸ್ಕ್ಯಾನಿಂಗ್ ಆ ಮಾತನ್ನು ಅಳಿಸಿಹಾಕಿತು. ಪಿತ್ತಕೋಶದಲ್ಲಿ ಸಣ್ಣ ಸಣ್ಣ ಕಲ್ಲುಗಳಿದ್ದವು. ಪಿತ್ತನಾಳವೂ ಮೇದೋಜೀರಕ ನಾಳವೂ ಸಣ್ಣಕರುಳಿಗೆ ತೆರೆಯುವುದು ಸಾಮಾನ್ಯವಾಗಿ ಒಂದೇ ಬಾಗಿಲಲ್ಲಿ. ಪಿತ್ತಕೋಶದಿಂದ ಜಾರಿದ ಕಲ್ಲು ಅಲ್ಲಿ ಸಿಕ್ಕಿಕೊಂಡರೆ, ಅನ್ನ ಜೀರ್ಣಿಸಬೇಕಾದ ಕಿಣ್ವಗಳು ಗ್ರಂಥಿಯನ್ನೇ ಸುಡತೊಡಗುತ್ತವೆ. ಮದ್ಯದಂತೆಯೇ ಪಿತ್ತದ ಕಲ್ಲೂ ಈ ಕಾಯಿಲೆಗೆ ಮುಖ್ಯ ಕಾರಣ. ತಾಯಿಯ ಊಹೆಯೂ ಪೂರ್ತಿ ಸುಳ್ಳಾಗಿರಲಿಲ್ಲ. ಬೇನೆ ಬೇರೆ, ಬೇರು ಒಂದೇ.

ಸಲೈನ್, ನೋವಿನ ಔಷಧ, ನಿಗಾ ಇವುಗಳಿಂದ ನೇಕಾರರು ಚೇತರಿಸಿಕೊಂಡರು. ಮತ್ತೆ ಮರುಕಳಿಸದಿರಲೆಂದು ಪಿತ್ತಕೋಶವನ್ನೂ ತೆಗೆಸಿಕೊಂಡರು.

ಇಂಥ ನೋವನ್ನು ಮನೆಯಲ್ಲೇ ತೀರ್ಮಾನಿಸುವುದು ತರವಲ್ಲ; ಹೃದಯಾಘಾತವೂ ಒಮ್ಮೊಮ್ಮೆ ಹೊಟ್ಟೆನೋವಿನ ವೇಷದಲ್ಲಿ ಬರುತ್ತದೆ. ಮನೆಯವರು ಮಾಡಬಹುದಾದದ್ದು ಇಷ್ಟೇ: ನೋವು ಎಲ್ಲಿ ಹುಟ್ಟಿತು, ಎತ್ತ ಹರಿಯಿತು, ಹೇಗೆ ಕುಳಿತರೆ ತಗ್ಗಿತು ಎಂಬುದನ್ನು ಗಮನಿಸಿ, ತಡಮಾಡದೆ ವೈದ್ಯರಿಗೆ ಹೇಳುವುದು. ಪರೀಕ್ಷೆಗೆಂದು ಬರೆದ ಚಿತ್ರವೊಂದು ಆ ರಾತ್ರಿ ಅಪ್ಪನ ಪಾಲಿಗೆ ಅಂಕಕ್ಕಿಂತ ದೊಡ್ಡದಾಯಿತು.